ರಸ್ತೆ ಅಗಲ ಮಾಡುವುದು ಆಮೇಲೆ, ಮೊದಲು ಒಂದಕ್ಕೊಂದು ಕೂಡಿಸಬೇಕು ಅಲ್ವಾ?

ಅಡ್ಡರಸ್ತೆ (ಚರ್ಚೆ ಶುರು ಮಾಡಿದವರು)

2025ರ ಸೆಪ್ಟೆಂಬರ್‌ನ ಆ ಪತ್ರ ನೆನಪಿದೆಯಾ? ಸರ್ಜಾಪುರ ರಸ್ತೆಯ ವಿಪ್ರೊ ಕ್ಯಾಂಪಸ್ ಒಳಗಿಂದ ಒಂದಷ್ಟು ವಾಹನ ಬಿಡಿ, ಇಬ್ಲೂರು ಜಂಕ್ಷನ್ ಕಡೆ ಹೊರ ವರ್ತುಲ ರಸ್ತೆಯ ದಟ್ಟಣೆ ಶೇ 30ರವರೆಗೆ ಇಳಿಯಬಹುದು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಅಜೀಂ ಪ್ರೇಮ್‌ಜಿ ಅವರಿಗೆ ಬರೆದಿದ್ದರು. ಅದು ಖಾಸಗಿ ಜಾಗ, ವಿಶೇಷ ಆರ್ಥಿಕ ವಲಯ, ಒಳಗೆ ಯಾರು ಬರಬಹುದು ಅನ್ನುವುದಕ್ಕೆ ಕಟ್ಟುನಿಟ್ಟಿನ ನಿಯಮ ಇದೆ, ಆಗುವುದಿಲ್ಲ ಅಂತ ಉತ್ತರ ಬಂತು. ತಜ್ಞರಿಂದ ಅಧ್ಯಯನ ಮಾಡಿಸಿ, ಖರ್ಚಿನ ದೊಡ್ಡ ಪಾಲು ನಾವು ಹಾಕುತ್ತೇವೆ ಅಂತಲೂ ಹೇಳಿದರು.

ಆಗ ಎಲ್ಲ ಕಡೆ ನಡೆದ ಜಗಳ ಒಂದೇ: ಬಿಡಬೇಕಿತ್ತಾ, ಬಿಡಬಾರದಿತ್ತಾ. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಒಂದು ರಾಜ್ಯದ ಮುಖ್ಯಮಂತ್ರಿ ಒಂದು ಕಂಪನಿಯ ಹತ್ತಿರ ದಾರಿ ಕೇಳುವ ಸ್ಥಿತಿ ಹೇಗೆ ಬಂತು? ಅಲ್ಲಿ ಆ ಕ್ಯಾಂಪಸ್ ಬರುವ ಮೊದಲೇ ನಾಲ್ಕು ಬೀದಿ ಇದ್ದಿದ್ದರೆ ಯಾರೂ ಯಾರಿಗೂ ಪತ್ರ ಬರೆಯಬೇಕಿರಲಿಲ್ಲ.

ಹೊರವಲಯದ ನಕ್ಷೆಯನ್ನು ಮೊಬೈಲಿನಲ್ಲಿ ತೆಗೆದು ನೋಡಿ. ಹರಳೂರು, ಕೂಡ್ಲು, ಪಣತ್ತೂರು, ವರ್ತೂರು. ಒಂದು ಸೊಟ್ಟಂಬಟ್ಟ ಹಳೇ ರಸ್ತೆ, ಅದರಿಂದ ಮರದ ಕೊಂಬೆಗಳ ಹಾಗೆ ಹೊರಡುವ ಗಲ್ಲಿಗಳು. ಒಂದು ಕೊಂಬೆಯ ತುದಿಯಿಂದ ಪಕ್ಕದ ಕೊಂಬೆಯ ತುದಿಗೆ ಹೋಗಬೇಕಾದರೆ ಮತ್ತೆ ಬುಡಕ್ಕೇ ಬರಬೇಕು. ಎಲ್ಲರೂ ಬುಡಕ್ಕೆ ಬರುತ್ತಾರೆ. ಅದಕ್ಕೇ ಬುಡ ಜಾಮ್.

ಈಗ ಮಲ್ಲೇಶ್ವರ, ಜಯನಗರ ತೆಗೆಯಿರಿ. ಚೌಕಟ್ಟಿನಂತಿರುವ ಬೀದಿಗಳಲ್ಲಿ ನಾಲ್ಕು ಬ್ಲಾಕ್ ಉದ್ದಕ್ಕೆ, ನಾಲ್ಕು ಬ್ಲಾಕ್ ಅಡ್ಡಕ್ಕೆ ಹೋಗಬೇಕು ಅಂದುಕೊಳ್ಳಿ. ಒಂಚೂರೂ ಸುತ್ತು ಹಾಕದೆ ಹೋಗುವ ದಾರಿಗಳು ಎಷ್ಟು ಗೊತ್ತಾ? 70. ಪಿಯುಸಿಯಲ್ಲಿ ಮಾಡಿದ ಲೆಕ್ಕವೇ ಇದು. ಕೊಂಬೆ ಥರದ ಬಡಾವಣೆಯಲ್ಲಿ ಎಷ್ಟು? ಒಂದು. ಅಲ್ಲೊಂದು ನೀರಿನ ಟ್ಯಾಂಕರ್ ಕೆಟ್ಟು ನಿಂತರೆ ಸೊನ್ನೆ.

ನನ್ನ ವಾದ ಇಷ್ಟೇ. ನಾವು ಮೇಲ್ಸೇತುವೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ಅಂತ ಬುಡವನ್ನೇ ದಪ್ಪ ಮಾಡುತ್ತಾ ಕೂತಿದ್ದೇವೆ. ತುದಿಗಳನ್ನು ಕೂಡಿಸುವ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಏನಂತೀರಿ?

ಪೇಟೆಹುಡುಗ

ನಮ್ಮ ಪೇಟೆ ಕಡೆಗೂ ಒಂದ್ಸಲ ನೋಡಿ ಸ್ವಾಮಿ. 1537ರಲ್ಲಿ ಕೆಂಪೇಗೌಡರು ಎತ್ತು ಕಟ್ಟಿಸಿ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಿದರು ಅಂತ ಕತೆ ಹೇಳುತ್ತಾರಲ್ಲ, ಆ ಕೂಡುರಸ್ತೆಯೇ ದೊಡ್ಡಪೇಟೆ ಚಿಕ್ಕಪೇಟೆ ಸೇರುವ ಜಾಗ. ದೊಡ್ಡಪೇಟೆ ಈಗ ಅವೆನ್ಯೂ ರಸ್ತೆ. ಅಂಗಡಿಗಳು ಎಷ್ಟೋ ಸಲ ಬಿದ್ದು ಎದ್ದಿವೆ, ಬೀದಿ ಮಾತ್ರ ಅಲ್ಲೇ ಇದೆ. ಬಳೇಪೇಟೆ, ಅಕ್ಕಿಪೇಟೆ, ಅರಳೇಪೇಟೆ, ತರಗುಪೇಟೆ, ಯಾವುದರಿಂದ ಯಾವುದಕ್ಕೆ ಬೇಕಾದರೂ ನುಗ್ಗಬಹುದು. ಕಾರು ಹೋಗಲ್ಲ, ಒಪ್ಪಿದೆ. ತಲೆ ಮೇಲೆ ಬಟ್ಟೆ ಗಂಟು ಹೊತ್ತವನು ಹೋಗುತ್ತಾನೆ. ಕೈಗಾಡಿ ಹೋಗುತ್ತೆ.

ಸಿಲ್ಕ್‌ಬೋರ್ಡ್ ಸಂತ್ರಸ್ತ

ಎಲ್ಲದಕ್ಕೂ ಜನಸಂಖ್ಯೆ ಕಾರಣ ಗುರು. 1971ರಲ್ಲಿ ಹದಿನಾರೂವರೆ ಲಕ್ಷ ಇದ್ದ ಊರು 2011ಕ್ಕೆ 84 ಲಕ್ಷ ದಾಟಿತು. ಯಾವ ರಸ್ತೆ ತಡೆಯುತ್ತೆ?

ಅಡ್ಡರಸ್ತೆ

ಜನ ಜಾಸ್ತಿ ಆದರು, ನಿಜ. ಆದರೆ ಆ ಜನಕ್ಕಾಗಿ ಹೊಸದಾಗಿ ಕಿಲೋಮೀಟರ್‌ಗಟ್ಟಲೆ ಬೀದಿಯನ್ನೂ ಮಾಡಿದೆವು. ಆ ಬೀದಿಗಳು ಒಂದಕ್ಕೊಂದು ಸೇರುವುದಿಲ್ಲ ಅನ್ನುವುದು ನನ್ನ ತಕರಾರು. ಪೇಟೆಯಲ್ಲಿ ಜನಸಾಂದ್ರತೆ ಹೊರವಲಯಕ್ಕಿಂತ ಕಡಿಮೆಯಾ?

ಸರ್ವೆನಂಬರ್

ನಾನು ಭೂದಾಖಲೆ ಕೆಲಸದಲ್ಲಿ ಇದ್ದವನು, ಈಗ ನಿವೃತ್ತ. ಇದು ಯಾಕೆ ಹೀಗಾಗುತ್ತದೆ ಅಂತ ನೆಲದ ಮಟ್ಟದಿಂದ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಹಳ್ಳಿಯಲ್ಲಿ ಅಪ್ಪನ ಜಮೀನು ಮಕ್ಕಳಿಗೆ ಪಾಲಾಗುವಾಗ ಹೇಗೆ ಪಾಲು ಮಾಡುತ್ತಾರೆ? ಉದ್ದಕ್ಕೆ. ಎಲ್ಲರಿಗೂ ದಾರಿ ಸಿಗಬೇಕು, ಎಲ್ಲರಿಗೂ ಕಾಲುವೆ ಸಿಗಬೇಕು. ಹಾಗಾಗಿ ಒಂದೊಂದು ಪಾಲೂ ಉದ್ದನೆಯ ಪಟ್ಟಿ. ಆಮೇಲೆ ಪಾಲು ಅಳೆದು ಬೇರೆ ಮಾಡುವ ಪೋಡಿ ಆಗುತ್ತದೆ, ಗಡಿ ಗುರುತಿಸುವ ಹದ್ದುಬಸ್ತು ಆಗುತ್ತದೆ, ಪಹಣಿ ಬೇರೆ ಆಗುತ್ತದೆ. ಮೂವತ್ತು ವರ್ಷ ಬಿಟ್ಟು ಊರು ಅಲ್ಲಿಗೆ ಬರುತ್ತದೆ. ಅಣ್ಣ ಒಬ್ಬ ಲೇಔಟ್‌ನವನಿಗೆ ಕೊಡುತ್ತಾನೆ, ತಮ್ಮ ಐದು ವರ್ಷ ಕಾದು ಇನ್ನೊಬ್ಬನಿಗೆ ಕೊಡುತ್ತಾನೆ.

ಈಗ ಒಂದು ಎಕರೆ ಪಟ್ಟಿ ತೆಗೆದುಕೊಳ್ಳಿ. 43,560 ಚದರಡಿ. ಅಗಲ 110 ಅಡಿ ಇದೆ ಅನ್ನಿ, ಉದ್ದ 396 ಅಡಿ ಬರುತ್ತದೆ. ನಡುವೆ 30 ಅಡಿ ರಸ್ತೆ, ಎರಡೂ ಬದಿಗೆ 40 ಅಡಿ ಆಳದ ಸೈಟ್. 30-40ರ ಸೈಟ್ ಒಂದು ಬದಿಗೆ 13, ಒಟ್ಟು 26. ಪಾರ್ಕ್ ಇಲ್ಲ, ಶಾಲೆ, ಆಸ್ಪತ್ರೆಯಂಥದ್ದಕ್ಕೆ ಬಿಡುವ ಸಿ.ಎ. ಸೈಟ್ ಇಲ್ಲ. ಮಂಜೂರಾದ ನಕ್ಷೆಯೇ ಇಲ್ಲದ ಮೇಲೆ ಅವೆಲ್ಲ ಎಲ್ಲಿಂದ ಬರಬೇಕು. ರೆವಿನ್ಯೂ ಲೇಔಟ್ ಅಂದರೆ ಇದೇ. ಆಮೇಲೆ ಬಿ ಖಾತಾ, ಅಂದರೆ ಇಂಥ ಸಕ್ರಮವಲ್ಲದ ಆಸ್ತಿಗೆ ತೆರಿಗೆ ಕಟ್ಟಿಸಿಕೊಳ್ಳಲು ಪಾಲಿಕೆ ಇಟ್ಟ ಬೇರೆ ಪುಸ್ತಕ.

ಈ ಪಟ್ಟಿಯ ಮಧ್ಯದಲ್ಲಿ ಪಕ್ಕದ ಜಮೀನಿಗೆ ಹೋಗುವ ಒಂದು ಅಡ್ಡರಸ್ತೆ ಬಿಟ್ಟರೆ ಆ ಬದಿಗೊಂದು ಈ ಬದಿಗೊಂದು, ಎರಡು ಸೈಟ್ ಹೋಯಿತು. 26ರಲ್ಲಿ ಎರಡು. ಯಾವ ಲೇಔಟ್‌ನವನು ಬಿಡುತ್ತಾನೆ ಹೇಳಿ? ಪಕ್ಕದವನು ಅದಕ್ಕೆ ಎದುರಾಗಿ ರಸ್ತೆ ಬಿಡುತ್ತಾನೆ ಅನ್ನುವ ಖಾತ್ರಿಯೂ ಇಲ್ಲ. ಕೆಲವರಂತೂ ರಸ್ತೆಯ ಕೊನೆಯಲ್ಲೂ ಅಡ್ಡವಾಗಿ ಒಂದು ಸೈಟ್ ಮಾಡಿ ಮಾರಿಬಿಡುತ್ತಾರೆ. ರಸ್ತೆ ನೇರ ಎದುರಿಗೆ ಬರುವ ಸೈಟ್, ವೀಧಿಶೂಲ ಅಂತ ರೇಟು ಸ್ವಲ್ಪ ಕಡಿಮೆ. ಕೊಂಡವನು ಕಾಂಪೌಂಡಿಗೆ ಒಂದು ಗಣಪತಿ ಕೂರಿಸಿ ಮನೆ ಕಟ್ಟುತ್ತಾನೆ. ಅಲ್ಲಿಗೆ ಆ ರಸ್ತೆಯ ಕತೆ ಮುಗಿಯಿತು. ಅಲ್ಲೊಂದು ಮನೆ ಎದ್ದ ಮೇಲೆ ಯಾವ ಸರ್ಕಾರ ಬಂದರೂ ಆ ಬೀದಿಯನ್ನು ಮುಂದಕ್ಕೆ ಒಯ್ಯುವುದಕ್ಕೆ ಆಗುವುದಿಲ್ಲ.

ಅಂದರೆ ನೀವು ಹೇಳುವ ಮರದ ಕೊಂಬೆಗಳನ್ನು ಯಾರೂ ಕೂತು ಯೋಚಿಸಿ ಬರೆದಿಲ್ಲ. ಅಣ್ಣತಮ್ಮಂದಿರ ಪಾಲುಪಟ್ಟಿಯೇ ಈಗ ನಗರದ ನಕ್ಷೆ.

ಹೊಂಗೆನೆರಳು

ಸರ್, ಇದು ಸೇವ್ ಮಾಡಿಟ್ಟುಕೊಳ್ಳುವಂಥ ಕಾಮೆಂಟ್.

ಸ್ವಿಗ್ಗಿ ಸವಾರ

ನಮ್ಮ ಕಷ್ಟ ಕೇಳಿ. ಮ್ಯಾಪಿನಲ್ಲಿ ಗಿರಾಕಿ ಮನೆ ಕಣ್ಣೆದುರಿಗೇ ಇರುತ್ತೆ. ಅವರು ಬಾಲ್ಕನಿಯಲ್ಲಿ ನಿಂತು ಕೈ ಬೀಸುತ್ತಿರುತ್ತಾರೆ. ನಡುವೆ ಒಂದು ಗೋಡೆ, ಅದರ ಮೇಲೆ ಗಾಜಿನ ಚೂರು. "ಅಲ್ಲೇ ಇದ್ದೀರಲ್ಲ, ಬನ್ನಿ" ಅಂತಾರೆ. ಎಲ್ಲಿಂದ ಬರಲಿ ಮೇಡಂ? ವಾಪಸ್ ಮೇನ್ ರೋಡ್, ಯು-ಟರ್ನ್, ಇನ್ನೊಂದು ಗಲ್ಲಿ. ಸಾಂಬಾರ್ ಆರಿ ಹೋಗಿರುತ್ತೆ.

ಇನ್ನೊಂದು ತಮಾಷೆ. ಮಲ್ಲೇಶ್ವರದಲ್ಲಿ 15ನೇ ಕ್ರಾಸ್ ಅಂದರೆ 14ರ ಪಕ್ಕ, ಕಣ್ಣು ಮುಚ್ಚಿ ಹೋಗಬಹುದು. ಹೊರಗಡೆ ಪ್ರತಿ ಲೇಔಟಿಗೂ ಅದರದೇ 1ನೇ ಕ್ರಾಸ್. ಒಂದೇ ಏರಿಯಾದಲ್ಲಿ ಮೂರು 1ನೇ ಕ್ರಾಸ್, ಒಂದರಿಂದ ಇನ್ನೊಂದಕ್ಕೆ ದಾರಿ ಇಲ್ಲ.

ಗೇಟ್ ಒಳಗಿನವನು

ಎಲ್ಲರೂ ಗೋಡೆಗೆ ಬೈಯುತ್ತಿದ್ದೀರಿ, ಗೋಡೆಯ ಒಳಗೆ ಇರುವವನ ಮಾತೂ ಕೇಳಿ. ನಾನು ಇರುವುದು ಒಂದು ಗೇಟೆಡ್ ಲೇಔಟ್. ಸಾಲ ಮಾಡಿ ಇಲ್ಲಿಗೆ ಬಂದದ್ದು ಯಾಕೆ? ಮಕ್ಕಳು ಸಂಜೆ ರಸ್ತೆಯಲ್ಲಿ ಸೈಕಲ್ ಹೊಡೆಯಬಹುದು, ಅಪ್ಪ ಅಮ್ಮ ವಾಕ್ ಹೋಗಬಹುದು. ಗೇಟ್ ತೆಗೆದ ದಿನವೇ ಹೊರಗಿನ ಜಾಮ್ ತಪ್ಪಿಸಲು ಬೈಕು, ಕ್ಯಾಬು, ಟೆಂಪೊ ಎಲ್ಲ ನಮ್ಮ ಮನೆ ಮುಂದೆ ನುಗ್ಗುತ್ತವೆ. ಕೋರಮಂಗಲದವರನ್ನು ಕೇಳಿ, ರಸ್ತೆ ಚೆನ್ನಾಗಿ ಕೂಡಿದ್ದಕ್ಕೆ ಅವರ ಮನೆ ಮುಂದಿನ ಶಾಂತಿ ಏನಾಯಿತು ಅಂತ. ನಗರದ ಯೋಜನೆ ಸರಿ ಇಲ್ಲದ್ದಕ್ಕೆ ನನ್ನ ಮಕ್ಕಳು ಯಾಕೆ ಬೆಲೆ ಕೊಡಬೇಕು?

ಅಡ್ಡರಸ್ತೆ

ನಿಮ್ಮ ಭಯ ಸುಳ್ಳಲ್ಲ. ಆದರೆ ಎರಡು ವಿಷಯ.

ಒಂದು, ಕಾನೂನು. ಮಂಜೂರಾದ ಲೇಔಟ್‌ನಲ್ಲಿ ರಸ್ತೆಯನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರೆ ಅದು ಸಾರ್ವಜನಿಕ ರಸ್ತೆಯೇ, ಗೇಟ್ ಹಾಕಿ ಜನರನ್ನು ತಡೆಯುವಂತಿಲ್ಲ ಅಂತ ನಮ್ಮ ಹೈಕೋರ್ಟೇ ಹೇಳಿದೆ. ನಿಮ್ಮ ಲೇಔಟ್‌ನ ಕಾಗದ ಏನಿದೆ ಅಂತ ಒಮ್ಮೆ ನೋಡಿ.

ಎರಡು, ಕೂಡಿಸುವುದು ಅಂದರೆ ಕಾರು ಬಿಡುವುದು ಅಂತಲೇ ಯಾಕೆ ಆಗಬೇಕು? ಎರಡು ಲೇಔಟ್ ನಡುವಿನ ಗೋಡೆಯಲ್ಲಿ ನಾಲ್ಕು ಅಡಿಯ ಕಿಂಡಿ ಬಿಟ್ಟು ಮಧ್ಯೆ ಒಂದು ಕಂಬ ನೆಟ್ಟರೆ ನಡೆಯುವವರು ಹೋಗುತ್ತಾರೆ, ಸೈಕಲ್ ಹೋಗುತ್ತದೆ, ಟೆಂಪೊ ಬರುವುದಿಲ್ಲ. ಬಾರ್ಸಿಲೋನಾದಲ್ಲಿ ಇದನ್ನು ದೊಡ್ಡದಾಗಿಯೇ ಮಾಡಿದ್ದಾರೆ. 1859ರಲ್ಲಿ ಸೆರ್ದಾ ಅನ್ನುವ ಇಂಜಿನಿಯರ್ ಹಾಕಿಕೊಟ್ಟ ಚೌಕದ ಬೀದಿಗಳು ಅಲ್ಲಿ ಇವತ್ತಿಗೂ ಇವೆ. ಈಗ ಒಂಬತ್ತು ಒಂಬತ್ತು ಚೌಕ ಸೇರಿಸಿ, ಹಾದುಹೋಗುವ ವಾಹನಗಳನ್ನು ಹೊರಗಿನ ಬೀದಿಗೆ ತಿರುಗಿಸಿ, ಒಳಗಿನದನ್ನು ಮಕ್ಕಳಿಗೆ ಬಿಡುವ ಪ್ರಯತ್ನ ನಡೆಸಿದ್ದಾರೆ. ಬೀದಿ ಕೂಡಿದ್ದರೆ ಬೇಕಾದಾಗ ಕಾರು ನಿಲ್ಲಿಸಬಹುದು. ಕೂಡದೇ ಇದ್ದರೆ ಬೇಕಾದಾಗ ತೆರೆಯುವುದಕ್ಕೆ ಏನೂ ಇರುವುದಿಲ್ಲ.

ಗೇಟ್ ಒಳಗಿನವನು

ಕಿಂಡಿಯಲ್ಲಿ ಸರಗಳ್ಳರೂ ಬರುತ್ತಾರೆ ಸ್ವಾಮಿ.

ಪೇಟೆಹುಡುಗ

ಅವರು ನಿಮ್ಮ ಮೇನ್ ಗೇಟಿನಲ್ಲೇ ಡೆಲಿವರಿ ಅಂತ ಬರೆಸಿ ಬರ್ತಾರೆ ಬಿಡಿ.

ಸ್ವಿಗ್ಗಿ ಸವಾರ

ಅಣ್ಣ, ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ.

ಟೆಕ್ಸಾಸ್ ಅಕ್ಕ

ನಾನು ಡಲ್ಲಾಸ್ ಹೊರವಲಯದಲ್ಲಿ ಇರುವವಳು. ನೀವು ಮಾತಾಡುತ್ತಿರುವ ಕೊಂಬೆ ಬಡಾವಣೆಗಳ ತವರು ಇದು. ಇಲ್ಲಿ ಮುಚ್ಚಿದ ರಸ್ತೆಯ ತುದಿಯ ಮನೆಗೆ ಒಳ್ಳೇ ಬೆಲೆ, ವೀಧಿಶೂಲದ ಭಯ ಯಾರಿಗೂ ಇಲ್ಲ. ಹಿತ್ತಲ ಬೇಲಿಯ ಆಚೆ ಇರುವ ಗೆಳತಿ ಮನೆಗೂ ಕಾರು ತೆಗೆಯಬೇಕು. ಮಕ್ಕಳನ್ನು ಶಾಲೆಗೆ ಬಿಡುವುದು, ಹಾಲು ತರುವುದು, ಎಲ್ಲದಕ್ಕೂ ಕಾರು. ನನ್ನ ಅತ್ತೆ ಊರಿನಿಂದ ಬಂದಾಗ "ಇಲ್ಲಿ ಕಾಲು ಯಾಕೆ ಇವೆ ನಿಮಗೆ" ಅಂದಿದ್ದರು.

ಇದೇನು ತಾನಾಗಿ ಆದದ್ದಲ್ಲ. 1930ರ ದಶಕದಲ್ಲಿ ಇಲ್ಲಿನ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಮನೆಸಾಲಕ್ಕೆ ಭದ್ರತೆ ಕೊಡಲು ಶುರು ಮಾಡಿದಾಗ ಚೌಕದ ಬೀದಿ ಬೇಡ, ಸೊಟ್ಟ ಬೀದಿ ಮತ್ತು ಮುಚ್ಚಿದ ತುದಿ ಒಳ್ಳೆಯದು ಅಂತ ಬಿಲ್ಡರ್‌ಗಳಿಗೆ ಸಲಹೆ ಕೊಟ್ಟಿತು. ಸಾಲದ ಹಿಂದೆ ಸರ್ಕಾರ ಇದ್ದ ಮೇಲೆ ಯಾರು ಬೇಡ ಅಂತಾರೆ? ಅದಕ್ಕೂ ಮೊದಲೇ, 1929ರಲ್ಲಿ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್‌ನಲ್ಲಿ ಈ ಥರದ ಬಡಾವಣೆ ಕಟ್ಟಿದ್ದರು. ಆದರೆ ಅಲ್ಲಿ ಮನೆಗಳ ಹಿಂದೆ ಪಾರ್ಕ್, ಪಾರ್ಕಿನೊಳಗೆ ಕಾಲುದಾರಿ, ರಸ್ತೆಯ ಅಡಿಯಲ್ಲಿ ನಡೆದು ದಾಟುವ ವ್ಯವಸ್ಥೆ ಎಲ್ಲ ಇತ್ತು. ಆಮೇಲೆ ನಕಲು ಮಾಡಿದವರು ಮುಚ್ಚಿದ ತುದಿಯನ್ನು ಇಟ್ಟುಕೊಂಡರು, ಕಾಲುದಾರಿಯನ್ನು ಕೈಬಿಟ್ಟರು.

ಓಪನ್‌ಮ್ಯಾಪ್ ಹುಚ್ಚ

ಅಕ್ಕ ಹೇಳಿದ್ದಕ್ಕೆ ಲೆಕ್ಕವೂ ಇದೆ. ಬ್ಯಾರಿಂಗ್ಟನ್-ಲೀ ಮತ್ತು ಮಿಲಾರ್ಡ್-ಬಾಲ್ ಅನ್ನುವ ಇಬ್ಬರು ಸಂಶೋಧಕರು ಮೊದಲು ಅಮೆರಿಕದ ಬೀದಿಗಳನ್ನು, ಆಮೇಲೆ ಜನರೇ ಸೇರಿ ಮಾಡಿದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಇಟ್ಟುಕೊಂಡು ಇಡೀ ಪ್ರಪಂಚದ ಬೀದಿಗಳನ್ನು ಅಳೆದರು. ಅಳತೆ ಸರಳ. ಒಂದು ಕೂಡುಜಾಗದಲ್ಲಿ ಎಷ್ಟು ರಸ್ತೆ ಸೇರುತ್ತವೆ? ನಾಲ್ಕು ಸೇರಿದರೆ ಚೆನ್ನ, ಮೂರು ಪರವಾಗಿಲ್ಲ, ಒಂದೇ ಆದರೆ ಅದು ಮುಚ್ಚಿದ ತುದಿ. ಇದರ ಜೊತೆಗೆ ಸುತ್ತು ಎಷ್ಟು ಹಾಕಬೇಕು ಅನ್ನುವುದನ್ನೂ ನೋಡಿದರು.

ಅಮೆರಿಕದಲ್ಲಿ ಹೊಸ ಬೀದಿಗಳು ತೀರಾ ಹದಗೆಟ್ಟದ್ದು 1990ರ ದಶಕದ ನಡುವಿನವರೆಗೆ. ಆಮೇಲೆ ಅಲ್ಲಿ ನಿಧಾನಕ್ಕೆ ಸುಧಾರಿಸುತ್ತಿದೆ. ಆದರೆ 2020ರಲ್ಲಿ ಪ್ರಕಟವಾದ ಜಗತ್ತಿನ ಲೆಕ್ಕದಲ್ಲಿ 1975ರಿಂದ ಈಚೆಗೆ ಒಟ್ಟಾರೆ ಬೀದಿಗಳು ಕೂಡುವುದು ಕಡಿಮೆಯಾಗುತ್ತಾ ಬಂದಿದೆ. ಆಗ್ನೇಯ ಏಷ್ಯಾದಲ್ಲಂತೂ ಜೋರು. ಜಪಾನ್, ದಕ್ಷಿಣ ಕೊರಿಯಾ, ಲ್ಯಾಟಿನ್ ಅಮೆರಿಕದ ಬಹಳ ಊರುಗಳು ಇನ್ನೂ ಚೆನ್ನಾಗಿ ಕೂಡಿದ ಬೀದಿಗಳನ್ನೇ ಮಾಡುತ್ತಿವೆ. ಅಂದರೆ ಊರು ಬೆಳೆದರೆ ಹೀಗೇ ಆಗಬೇಕು ಅಂತ ಏನಿಲ್ಲ.

ಟೆಕ್ಸಾಸ್ ಅಕ್ಕ

ವರ್ಜೀನಿಯಾ ರಾಜ್ಯದಲ್ಲಿ 2009ರಲ್ಲಿ ಒಂದು ನಿಯಮ ತಂದಿದ್ದರು. ಹೊಸ ಬಡಾವಣೆಯ ರಸ್ತೆಗಳು ಅಕ್ಕಪಕ್ಕಕ್ಕೆ ಕೂಡದಿದ್ದರೆ ಅವುಗಳ ನಿರ್ವಹಣೆಯನ್ನು ರಾಜ್ಯ ವಹಿಸಿಕೊಳ್ಳುವುದಿಲ್ಲ ಅಂತ. ಕೆಲವೇ ವರ್ಷಕ್ಕೆ ಸಡಿಲ ಮಾಡಿದರು, ಅದು ಬೇರೆ ಮಾತು. ಆದರೆ ಉಪಾಯ ಚೆನ್ನಾಗಿತ್ತು.

ಮೈಸೂರುಪಾಕ

ಬೆಂಗಳೂರಿನವರು ಸುಮ್ನೆ ಅಮೆರಿಕದವರೆಗೆ ಹೋಗುತ್ತೀರಿ. ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣಾ ಮಂಡಳಿ ಬಂತು, ಅದೇ ಸಿಐಟಿಬಿ. ಬೀದಿ ಮೊದಲು, ಮನೆ ಆಮೇಲೆ. ನಿಮ್ಮಲ್ಲಿ ಅದೇ ಹೆಸರಿನ ಮಂಡಳಿ ಬಂದದ್ದು 1945ರಲ್ಲಿ. ಆದರೆ ಹೆಮ್ಮೆಪಡುವ ಹಾಗೂ ಇಲ್ಲ. ಈಗ ನಮ್ಮ ರಿಂಗ್ ರೋಡಿನ ಆಚೆಗೂ ಬಣ್ಣದ ಕಮಾನು ಹಾಕಿದ ಲೇಔಟ್‌ಗಳು ಬೆಳೆಯುತ್ತಿವೆ. ಕಮಾನು ದಾಟಿ ಒಳಗೆ ಹೋದರೆ ಕೊನೆಯಲ್ಲಿ ಗೋಡೆ, ಗೋಡೆಯ ಆಚೆ ಇನ್ನೊಂದು ಕಮಾನಿನ ಲೇಔಟ್. ನೀವು ಇಪ್ಪತ್ತು ವರ್ಷದ ಹಿಂದೆ ಮಾಡಿದ್ದನ್ನು ನಾವೀಗ ಮಾಡುತ್ತಿದ್ದೇವೆ.

ನಾಲ್ಕನೇ ಬ್ಲಾಕ್

ಜಯನಗರದವಳು ನಾನು. 1948ರಲ್ಲಿ ಶುರುವಾದ ಬಡಾವಣೆ. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಅದಕ್ಕೂ ಹಿಂದೆ, 1898ರ ಪ್ಲೇಗಿನ ಹೊತ್ತಿಗೆ. ಗಾಳಿ ಬೆಳಕು ಬೇಕು ಅಂತ ಅಗಲ ಬೀದಿ, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡುವ ಓಣಿ. ಆ ಓಣಿಗಳ ಹಿಂದಿನ ಜಾತಿ ಲೆಕ್ಕ ಬೇರೆ ಇದೆ, ಅದನ್ನು ಮರೆತು ಹಳೇ ಬೆಂಗಳೂರು ಸ್ವರ್ಗ ಅನ್ನಬೇಡಿ. ಒಂದು ಮಾತು ಮಾತ್ರ ನಿಜ. ಆಗ ಒಂದು ಸಂಸ್ಥೆ ದೊಡ್ಡ ಜಾಗವನ್ನು ಒಟ್ಟಿಗೆ ತೆಗೆದುಕೊಂಡು, ಬೀದಿ ಹಾಕಿ, ಆಮೇಲೆ ಸೈಟ್ ಹಂಚುತ್ತಿತ್ತು. ಊರು ಬೆಳೆಯುವ ವೇಗಕ್ಕೆ ಆ ಸಂಸ್ಥೆ ಸೋತಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅದೇ ಬಿಡಿಎ ಬಂತು, ಅದೂ ಸಾಕಾಗಲಿಲ್ಲ. ಬಿಡಿಎ ಸೈಟ್‌ಗೆ ಅರ್ಜಿ ಹಾಕಿ ಕೂದಲು ಬೆಳ್ಳಗಾದವರು ನಮ್ಮ ಮನೆಯಲ್ಲೇ ಇದ್ದಾರೆ. ಸೈಟ್ ಸಿಗದವರು ರೆವಿನ್ಯೂ ಸೈಟ್ ಕೊಂಡರು. ಅವರನ್ನು ಬೈಯುವುದು ಸುಲಭ, ಆದರೆ ಕೈಗೆಟುಕಿದ್ದು ಅದೊಂದೇ.

ಆಮೇಲೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ಅಷ್ಟರಲ್ಲಿ ಗಲ್ಲಿಗಳೆಲ್ಲ ಕೂತುಬಿಟ್ಟಿದ್ದವು. ಪಾಲಿಕೆಗೆ ಸಿಕ್ಕಿದ್ದು ಡಾಂಬರು ಹಾಕುವ ಕೆಲಸ ಮಾತ್ರ.

ಅಹಮದಾಬಾದ್ ರಿಟರ್ನ್

ಕೆಲಸದ ಮೇಲೆ ಅಹಮದಾಬಾದ್‌ನಲ್ಲಿ ಇದ್ದೆ. ಅಲ್ಲಿ ಟಿ.ಪಿ. (ಟೌನ್ ಪ್ಲಾನಿಂಗ್) ಸ್ಕೀಮ್ ಅಂತ ಮಾಡುತ್ತಾರೆ, ಬಾಂಬೆ ಪ್ರಾಂತ್ಯದ 1915ರ ಕಾಯ್ದೆಯ ಕಾಲದಿಂದ ಬಂದ ಪದ್ಧತಿ. ಸರ್ವೆನಂಬರ್ ಸರ್ ಹೇಳಿದ ಪಟ್ಟಿಗಳನ್ನೆಲ್ಲ ಕಾಗದದ ಮೇಲೆ ಒಟ್ಟು ಮಾಡುತ್ತಾರೆ. ಎಲ್ಲರಿಂದಲೂ ಒಂದೊಂದು ಪಾಲು ರಸ್ತೆಗೆ, ಪಾರ್ಕಿಗೆ, ಶಾಲೆಗೆ ಅಂತ ತೆಗೆದು, ಉಳಿದದ್ದನ್ನು ಚೊಕ್ಕ ಆಕಾರದ ಸೈಟ್ ಮಾಡಿ ಅದೇ ಮಾಲೀಕರಿಗೆ ವಾಪಸ್ ಕೊಡುತ್ತಾರೆ. ಜಾಗ ಕಡಿಮೆ ಆಗುತ್ತದೆ, ಬೆಲೆ ಜಾಸ್ತಿ ಆಗುತ್ತದೆ. ಅಲ್ಲಿನ 76 ಕಿ.ಮೀ. ರಿಂಗ್ ರೋಡಿಗೆ ಬಹಳಷ್ಟು ಜಾಗ ಹೀಗೇ ಬಂತು. ನಮ್ಮ ಪೆರಿಫೆರಲ್ ರಿಂಗ್ ರೋಡ್ 2000ದ ದಶಕದಲ್ಲೇ ಅಧಿಸೂಚನೆಯಾಗಿ, ಪರಿಹಾರದ ಜಗಳದಲ್ಲೇ ಕೂತು, ಈಗ ಬಿಸಿನೆಸ್ ಕಾರಿಡಾರ್ ಅಂತ ಹೆಸರು ಬದಲಾಯಿಸಿಕೊಂಡಿದೆ.

ಸರ್ವೆನಂಬರ್

ಟಿ.ಪಿ. ಸ್ಕೀಮ್ ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇದೆ ಸರ್. ಬಳಸಿದ್ದು ಅಪರೂಪ. ಮಾಲೀಕರನ್ನು ಕೂರಿಸಿ ಒಪ್ಪಿಸುವ ತಾಳ್ಮೆ ಯಾರಿಗೂ ಇಲ್ಲ. ಜಮೀನು ಖಾಲಿ ಇರುವಾಗಲೇ ಮಾಡಬೇಕು, ಮನೆ ಎದ್ದ ಮೇಲೆ ಮಾಡುವಂಥದ್ದಲ್ಲ. ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆ ಇನ್ನೂ ಖಾಲಿ ಇದೆ. ಅಲ್ಲಿ ಆಗಬಹುದು.

ಸಿಲ್ಕ್‌ಬೋರ್ಡ್ ಸಂತ್ರಸ್ತ

ಹಾಗಾದರೆ ಈಗಾಗಲೇ ಕಟ್ಟಿ ಮುಗಿದ ನಮ್ಮ ಕಡೆಗೆ ಏನೂ ದಾರಿ ಇಲ್ಲ ಅಂತಾಯ್ತು.

ಸರ್ವೆನಂಬರ್

ಪೂರ್ತಿ ಹಾಗೇನಲ್ಲ. ಬಹಳ ಹಳ್ಳಿಗಳಲ್ಲಿ ನಕಾಶೆ ದಾರಿ, ಬಂಡಿದಾರಿ ಇರುತ್ತವೆ. ಗ್ರಾಮ ನಕ್ಷೆಯಲ್ಲಿ ಜೋಡಿ ಚುಕ್ಕೆ ಗೆರೆಯಲ್ಲಿ ತೋರಿಸಿರುತ್ತಾರೆ. ಅದು ಬಿ ಖರಾಬು, ಸಾರ್ವಜನಿಕರದ್ದು, ಯಾರಿಗೂ ಮಾರಲು ಬರುವುದಿಲ್ಲ. ಎಷ್ಟೋ ಕಡೆ ನಿಮ್ಮ ಎರಡು ಲೇಔಟ್‌ಗಳ ನಡುವಿನ ಗೋಡೆ ಕೂತಿರುವುದೇ ಅಂಥ ದಾರಿಯ ಮೇಲೆ. ಮನೆ ಎದ್ದಿರುವುದಿಲ್ಲ, ಬರೀ ಗೋಡೆ, ಪೊದೆ, ಕಸ. ಅಂಥದ್ದನ್ನು ತೆರೆಸುವುದು ಸುರಂಗ ತೋಡುವುದಕ್ಕಿಂತ ಕಷ್ಟವೇನಲ್ಲ.

ಹೊಂಗೆನೆರಳು

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಅಂಥದ್ದೇ ಒಂದು ಪೊದೆ ಜಾಗ ಇದೆ. ಅದರ ಆಚೆಗೇ ಬಸ್ ನಿಲ್ದಾಣ. ಈಗ ಸುತ್ತಿ ಹೋಗಲು ಆಟೊ ಹಿಡಿಯಬೇಕು, ಆಟೊದವರು ಇಷ್ಟು ಹತ್ತಿರಕ್ಕೆ ಬರುವುದಿಲ್ಲ. ಅದು ನಕಾಶೆ ದಾರಿಯಾ ಅಂತ ತಿಳಿಯುವುದು ಹೇಗೆ ಸರ್?

ಸರ್ವೆನಂಬರ್

ಆ ಜಾಗದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆಯಮ್ಮ, ಸರ್ವೆ ನಂಬರ್ ತೋರಿಸುತ್ತದೆ. ಆಮೇಲೆ ಭೂಮಾಪನ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಂಡು ಅದೇ ನಂಬರ್ ಪಕ್ಕ ಜೋಡಿ ಚುಕ್ಕೆ ಗೆರೆ ಇದೆಯಾ ನೋಡು. ಇದ್ದರೆ ತಹಶೀಲ್ದಾರ್ ಕಚೇರಿಗೆ ಅರ್ಜಿ, ಜೊತೆಗೆ ನಕ್ಷೆಯ ಪ್ರತಿ, ಹದ್ದುಬಸ್ತು ಮಾಡಿಸಿ ಕೊಡಿ ಅಂತ ಕೋರಿಕೆ. ಒಬ್ಬಳೇ ಹೋಗಬೇಡ, ಅಸೋಸಿಯೇಷನ್ ಲೆಟರ್‌ಹೆಡ್ಡಿನಲ್ಲಿ ಹತ್ತಾರು ಸಹಿ ಹಾಕಿಸಿಕೊಂಡು ಹೋಗು. ಸ್ವೀಕೃತಿ ತೆಗೆದುಕೊಳ್ಳದೆ ಕೌಂಟರ್ ಬಿಟ್ಟು ಬರಬೇಡ.

ಗೇಟ್ ಒಳಗಿನವನು

ಕುತೂಹಲಕ್ಕೆ ನಮ್ಮ ಲೇಔಟ್ ನಕ್ಷೆ ತೆಗೆದು ನೋಡಿದೆ. ಹಿಂದಿನ ಗೋಡೆ ಹತ್ತಿರ "ಮುಂದಿನ ರಸ್ತೆ" ಅಂತ ಬಾಣದ ಗುರುತು ಹಾಕಿದ್ದಾರೆ. ಈಗ ಅಲ್ಲಿ ನಮ್ಮ ಜನರೇಟರ್ ಶೆಡ್ ಇದೆ.

ಅಡ್ಡರಸ್ತೆ

ಶೆಡ್ ಪಕ್ಕದಲ್ಲಿ ನಾಲ್ಕು ಅಡಿ ಸಿಗುತ್ತದಾ?

ಗೇಟ್ ಒಳಗಿನವನು

ಸಿಗಬಹುದು. ಆದರೆ ಮುಂದಿನ ತಿಂಗಳ ಮೀಟಿಂಗಿನಲ್ಲಿ ಈ ಮಾತು ಎತ್ತಿದರೆ ನನ್ನನ್ನು ಕಮಿಟಿಯಿಂದಲೇ ತೆಗೆಯುತ್ತಾರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಬೀಗ ಅಂತ ಹೇಳಿದರೆ ಅರ್ಧ ಜನ ಒಪ್ಪಿಯಾರು. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದಕ್ಕೇ ಇನ್ನೊಂದು ಮೀಟಿಂಗ್ ಬೇಕು.